ಅಪ್ಪನ ಮಳೆ ಪುಸ್ತಕ

ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದ ನನ್ನ ಅಪ್ಪ ದಿನವೂ ಬೆಳಿಗ್ಗೆ ಮಳೆ ಅಳೆದು, ಇಂಚು-ಸೆಂಟುಗಳಲ್ಲಿ ಪುಸ್ತಕಕ್ಕೆ ಬರೆಯುತ್ತಿದ್ದರು. ಕೊಡಗಿನ ತೋಟಗಳಲ್ಲಿ ಇದು ಹಳೆಯ ರೂಢಿ. ಅವರು ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಬರೆದೆನೇನೋ ನಿಜ, ಓದಲು ಕಲಿಯಲಿಲ್ಲ.

ಮಳೆಗೂ ಗುಡ್ಡ ಕುಸಿತಕ್ಕೂ ಒಂದು ಲೆಕ್ಕವಿದೆ ಎಂಬ ಅರಿವು ಮನುಷ್ಯನಿಗೆ ಸುಲಭವಾಗಿ ಬಂದದ್ದಲ್ಲ. 1880ರ ಸೆಪ್ಟೆಂಬರ್ 18ರಂದು, ಎಡೆಬಿಡದೆ ಸುರಿದ ಮಳೆಯ ನಡುವೆ, ನೈನಿತಾಲ್‌ನಲ್ಲಿ ಬೆಳಿಗ್ಗೆ ಸಣ್ಣದೊಂದು ಕುಸಿತವಾಯಿತು. ಮಣ್ಣಿನಡಿ ಸಿಕ್ಕವರನ್ನು ತೆಗೆಯಲು ಜನ ಸೇರಿದ್ದಾಗಲೇ ಮಧ್ಯಾಹ್ನ ಗುಡ್ಡದ ದೊಡ್ಡ ಭಾಗ ಜಾರಿ ಬಂತು. ಸತ್ತವರು 151 ಮಂದಿ. ಮೊದಲ ಕುಸಿತವೇ ಎಚ್ಚರಿಕೆಯಾಗಿತ್ತು. ಅದನ್ನು ಓದಬಲ್ಲವರು ಇರಲಿಲ್ಲ.

1972 ಮತ್ತು 1976ರ ದುರಂತಗಳಲ್ಲಿ ನೊಂದ ಹಾಂಕಾಂಗ್, 1977ರಲ್ಲಿ ಮಳೆಯ ಪ್ರಮಾಣ ನೋಡಿ ಎಚ್ಚರಿಸುವ ಏರ್ಪಾಡು ಮಾಡಿತು. ನೈನಿತಾಲ್ ಕುಸಿದು ಸರಿಯಾಗಿ ನೂರು ವರ್ಷಕ್ಕೆ, 1980ರಲ್ಲಿ, ನೆಲ್ ಕೇನ್ ಎಂಬ ವಿಜ್ಞಾನಿ ಬೇರೆ ಬೇರೆ ದೇಶಗಳ 73 ಪ್ರಕರಣಗಳನ್ನು ಕೂಡಿಸಿ ಒಂದು ಗೆರೆ ಎಳೆದರು. ಜಡಿಮಳೆಯಾದರೆ ಸ್ವಲ್ಪ ಹೊತ್ತು ಸಾಕು. ಸಾಧಾರಣ ಮಳೆಯಾದರೆ ಬಹಳ ಹೊತ್ತು ಬೇಕು. ಗೆರೆ ದಾಟಿದರೆ ಅಪಾಯ. ಮಣ್ಣಿನ ಕಣಗಳ ನಡುವೆ ನೀರು ತುಂಬಿ ಒತ್ತಡ ಏರಿದಾಗ ಅವುಗಳ ಹಿಡಿತ ಸಡಿಲವಾಗುತ್ತದೆ. ಆದ್ದರಿಂದಲೇ ಜೂನ್‌ನ ನಾಲ್ಕು ಇಂಚನ್ನು ತಾಳಿಕೊಂಡ ಬರೆ, ಆಗಸ್ಟ್‌ನ ನಾಲ್ಕು ಇಂಚಿಗೆ ಜರಿಯಬಹುದು.

ಇಷ್ಟನ್ನೂ ನಾನು ಓದಿದ್ದು 2018ರ ನಂತರ. ಆ ವರ್ಷ ಆಗಸ್ಟ್ 15ರಂದು ಧ್ವಜಾರೋಹಣಕ್ಕೆ ನೆನೆದುಕೊಂಡು ಬಂದ ಏಳನೇ ತರಗತಿಯ ಹುಡುಗಿಯೊಬ್ಬಳು, "ಟೀಚರ್, ಮನೆ ಹಿಂದಿನ ಬರೆ ಬಿರಿದಿದೆ, ತೋಡಿನ ನೀರು ಕೆಂಪಗೆ ಬರ್ತಿದೆ" ಎಂದಳು. "ಮಳೆಗಾಲದಲ್ಲಿ ಇದೆಲ್ಲ ಇದ್ದದ್ದೇ ಮಗು" ಎಂದೆ. ಅವಳ ಅಜ್ಜಿ ನನಗಿಂತ ಬುದ್ಧಿವಂತೆ. ಹಟ ಹಿಡಿದು ಎಲ್ಲರನ್ನೂ ನೆಂಟರ ಮನೆಗೆ ಹೊರಡಿಸಿದರಂತೆ. ಮನೆ ಹೋಯಿತು, ಜನ ಉಳಿದರು. ಆ ದಿನಗಳಲ್ಲೇ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿಗಳ ಗುಡ್ಡಗಳೂ ಜರಿದವು. ಜಲಸ್ಫೋಟ ಎಂದರು ಜನ. ಜುಲೈಯ ಭೂಕಂಪನವನ್ನೂ ದೂರಿದರು. ರಸ್ತೆಗೆ, ಮನೆಗೆ ನಾವು ಕಡಿದ ಇಳಿಜಾರುಗಳತ್ತ ಬೊಟ್ಟು ಮಾಡಿದರು ಭೂವಿಜ್ಞಾನಿಗಳು.

ಅಪ್ಪನ ಪುಸ್ತಕ ಮುಂದಿಟ್ಟುಕೊಂಡು ಕೂಡಿಸಿ ನೋಡಿದೆ. ಜೂನ್‌ನಿಂದಲೇ ನೆಲ ತುಂಬುತ್ತಾ ಬಂದದ್ದು ನನ್ನದೇ ಅಕ್ಷರದಲ್ಲಿತ್ತು.

2024ರ ಜುಲೈ 19ರಂದು ಕೊಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಆರಂಭವಾಯಿತು. ಹನ್ನೊಂದೇ ದಿನಕ್ಕೆ ವಯನಾಡಿನ ಗುಡ್ಡ ಕುಸಿಯಿತು. ಇಂಥ ಬರೆ ಇಂಥ ಗಳಿಗೆಗೆ ಬೀಳುತ್ತದೆಂದು ಯಾವ ಕೇಂದ್ರವೂ ಖಚಿತವಾಗಿ ಹೇಳಲಾರದು. ಊರಿನ ಮಳೆಯನ್ನು ಊರವರೇ ಅಳೆಯಬೇಕು, ಬಿರುಕನ್ನು ಊರವರೇ ನೋಡಬೇಕು.

ಈಗ ನಮ್ಮ ಶಾಲೆಯಂಗಳದಲ್ಲೂ ಒಂದು ಮಳೆಮಾಪಕವಿದೆ. ದಿನದ ಮಳೆಯ ಪಕ್ಕದಲ್ಲಿ ಮೂರು ದಿನದ ಮೊತ್ತವನ್ನೂ ಮಕ್ಕಳು ಬೋರ್ಡಿನ ಮೇಲೆ ಬರೆಯುತ್ತಾರೆ. ಯಾರಾದರೂ "ಟೀಚರ್, ಬರೆ ಬಿರಿದಿದೆ" ಎಂದರೆ, ಪಾಠ ನಿಲ್ಲಿಸಿ ಕೇಳುತ್ತೇನೆ.