ತಳವಾರನ ಹೊಣೆ

ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಹೂವಿನಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಕಾವಲೆಂಬುದು ಸರಕಾರದ ಇಲಾಖೆಯಾಗುವುದಕ್ಕೆ ಬಹುಕಾಲ ಮುನ್ನವೇ ಗ್ರಾಮದ ಒಂದು ವೃತ್ತಿಯಾಗಿದ್ದಿತು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆಗಳ ಪಾಳೆಯಗಾರರು ಕಾವಲಿಯ ಹೆಸರಿನಲ್ಲಿ ಪ್ರಜೆಗಳಿಂದ ಹಣವೆತ್ತುತ್ತಿದ್ದರು; ಆ ಹಣ ಎಷ್ಟೋ ವೇಳೆ ರಕ್ಷಣೆಯ ಬೆಲೆಯಾಗಿರದೆ ಸುಲಿಗೆಯೇ ಆಗಿದ್ದಿತು. ಆದರೆ ಇನಾಮು ಭೂಮಿಯನ್ನೋ ಸುಗ್ಗಿಯ ಆಯವನ್ನೋ ಉಣ್ಣುತ್ತಿದ್ದ ಊರಿನ ತಳವಾರನು, ಬಂದುಹೋಗುವ ಪರಸ್ಥಳದವರ ಮೇಲೆ ಕಣ್ಣಿಟ್ಟು, ಇರುಳೆಲ್ಲ ಗಸ್ತು ತಿರುಗಿ, ಕಳವಾದ ಸೊತ್ತನ್ನು ಪತ್ತೆಹಚ್ಚಲಾರದೆ ಹೋದಲ್ಲಿ ಅದರ ಬೆಲೆಯನ್ನು ತಾನೇ ತೆರಬೇಕೆಂಬ ಕಟ್ಟಳೆಗೆ ಒಳಪಟ್ಟಿದ್ದನು.

1800ರಲ್ಲಿ ನಿಜಾಮನು ಈ ಪ್ರಾಂತವನ್ನು ಕಂಪನಿಗೆ ಬಿಟ್ಟುಕೊಡಲು, ಹೀಗೆ ಬಿಟ್ಟುಕೊಟ್ಟ ‘ದತ್ತಮಂಡಲ’ದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಪಾಳೆಯಗಾರರ ಶಸ್ತ್ರಬಲವನ್ನು ಮುರಿದನು. 1816ರ ನಿಬಂಧನೆಯು ಗ್ರಾಮದ ಮುಖ್ಯಸ್ಥನಿಗೇ ಪೊಲೀಸು ಅಧಿಕಾರವನ್ನಿತ್ತು ತಳವಾರನನ್ನು ಅವನ ಕೈಕೆಳಗೆ ಉಳಿಸಿತು. 1859ರ ಮದರಾಸು ಶಾಸನವಾದರೋ ಸಂಬಳದ, ಸಮವಸ್ತ್ರದ ಪೊಲೀಸು ದಳವನ್ನು ಕಟ್ಟಿತು. ಊರಿಗೆ ಉತ್ತರ ಹೇಳುತ್ತಿದ್ದ ಕಾವಲು ಅಂದಿನಿಂದ ಮೇಲಧಿಕಾರಿಗೆ ಉತ್ತರ ಹೇಳತೊಡಗಿತು.

ಈ ಬದಲಾವಣೆಯ ಪರಿಣಾಮವು 1911ರ ಅಪರಾಧಿ ಬುಡಕಟ್ಟುಗಳ ಶಾಸನದಲ್ಲಿ ಪ್ರಕಟವಾಯಿತು. ಉಪ್ಪು, ಧಾನ್ಯಗಳನ್ನು ಹೇರಿಕೊಂಡು ಊರೂರು ಅಲೆದು ಬದುಕುತ್ತಿದ್ದ ಕೊರಚರಂಥವರು, ಯಾವ ಅಪರಾಧವನ್ನೂ ಮಾಡದಿದ್ದರೂ, ಹುಟ್ಟಿನ ಕಾರಣದಿಂದಲೇ ದಾಖಲೆಗೆ ಸೇರಿ, ಬೆರಳಚ್ಚು ಒತ್ತಿ, ಹಾಜರಿ ಕೊಡಬೇಕಾಯಿತು. ಈ ಕಾನೂನು 1952ರಲ್ಲಿ ದೇಶಾದ್ಯಂತ ರದ್ದಾಯಿತು. ಮರುವರ್ಷ ಅಕ್ಟೋಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು.

ಈಗಿನ ಕಳ್ಳನು ಊರಿಗೆ ಕಾಲಿಡುವುದೇ ಇಲ್ಲ. ದೂರವಾಣಿಯೊಳಗಿಂದಲೇ ರೈತನ ಬ್ಯಾಂಕು ಖಾತೆಯನ್ನು ಬರಿದುಮಾಡುತ್ತಾನೆ. ಇಂಥವನಿಗಾಗಿ 2001ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಠಾಣೆ ತಲೆಯೆತ್ತಿತು. ವಂಚಿತರು 1930 ಸಹಾಯವಾಣಿಗೆ ಕರೆಮಾಡುತ್ತಾರೆ. 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಶಾಸನವು ಜನ ಸೇರುವ ಸ್ಥಳಗಳಲ್ಲಿ ಕ್ಯಾಮರಾಗಳನ್ನಿರಿಸಿ, ಅವುಗಳ ಚಿತ್ರಗಳನ್ನು 30 ದಿನ ಕಾಪಿಡಬೇಕೆಂದು ವಿಧಿಸಿತು. ಅದೇ ವರ್ಷ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು ಸಾರಿತು.

ತಳವಾರನ ಕಾಲಕ್ಕೆ ಮರಳುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಜಾತಿಗೆ ಅಂಟಿದ ಆ ವೃತ್ತಿಯ ಕಷ್ಟವನ್ನು ಉಂಡವರೇ ಬಲ್ಲರು. ಆದರೆ ನೋಡುವ ಅಧಿಕಾರವಿದ್ದವನು ನೋಡಿದುದಕ್ಕೂ ನೋಡದೆ ಬಿಟ್ಟುದಕ್ಕೂ ಹೊಣೆಯಾಗಬೇಕೆಂಬ ಅವನ ಕಾಲದ ಧರ್ಮವನ್ನು, ನಮ್ಮನ್ನು ಸದಾ ನೋಡುತ್ತಿರುವ ಯಂತ್ರಗಳ ಒಡೆಯರಿಗೂ ನಾವು ವಿಧಿಸಲೇಬೇಕು.