ಎಳೆಯ ಮೂಳೆಯ ಚಿತ್ರ

ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದದ್ದು 1895ರಲ್ಲಿ. ಅವನ ಹೆಂಡತಿಯ ಕೈಮೂಳೆ, ಬೆರಳಿನ ಉಂಗುರ ಮೂಡಿದ ಆ ಚಿತ್ರವನ್ನು ತರಗತಿಯಲ್ಲಿ ಎಷ್ಟೋ ಸಲ ತೋರಿಸಿದ್ದೇನೆ. ಮರುವರ್ಷವೇ ಯುರೋಪಿನ ಪಶುವೈದ್ಯರು ಕುದುರೆಯ ಗೊರಸನ್ನೂ ಹಾಗೆಯೇ ಚಿತ್ರ ತೆಗೆದರೆಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ಕುಣಿಗಲ್ಲಿನ ಕುದುರೆ ಫಾರಮ್ಮಿನ ಹೆಸರು ಕೇಳುತ್ತ ಬೆಳೆದ ನನಗೆ ಈ ಕಡೆಯ ಕಥೆಯೇ ಹೆಚ್ಚು ಹಿಡಿಸಿತು.

ಕುದುರೆಮರಿ ಹುಟ್ಟುವಾಗ ರೋಗನಿರೋಧಕ ಶಕ್ತಿಯನ್ನು ತಾಯಿಯಿಂದ ಹೊತ್ತು ತರುವುದಿಲ್ಲ. ಅದು ಸಿಗಬೇಕಾದದ್ದು ಗಿಣ್ಣುಹಾಲಿನಲ್ಲಿ, ಅದೂ ಮೊದಲ ದಿನದೊಳಗೆ. ಸಿಗದಿದ್ದರೆ ಹೊಕ್ಕುಳಿನಿಂದಲೋ ಕರುಳಿನಿಂದಲೋ ರಕ್ತ ಸೇರಿದ ರೋಗಾಣು, ಉದ್ದ ಮೂಳೆಯ ತುದಿಯಲ್ಲಿ, ಬೆಳವಣಿಗೆ ನಡೆಯುವ ಪದರದ ಹತ್ತಿರ ನೆಲೆಯೂರುತ್ತದೆ. ಅಲ್ಲಿ ರಕ್ತದ ಓಟ ನಿಧಾನ. ಮರಿ ಕುಂಟುತ್ತದೆ. ಲಾಯದವರು, "ತಾಯಿ ತುಳಿದಿರಬೇಕು" ಎಂದು ಎರಡು ದಿನ ಕಾಯುತ್ತಾರೆ. ಆ ಎರಡು ದಿನ ಬಲು ದುಬಾರಿ.

ಹಾಗಾದರೆ ಎಕ್ಸ್-ರೇ ತೆಗೆದರಾಯಿತಲ್ಲ ಎನ್ನುವಿರಿ. ತೊಡಕಿರುವುದೇ ಅಲ್ಲಿ. ಮೂಳೆಯ ಸುಣ್ಣದಂಶ ಶೇಕಡಾ 30ರಿಂದ 50ರಷ್ಟು ಕರಗುವ ತನಕ ಚಿತ್ರದಲ್ಲಿ ಏನೂ ಕಾಣದು. ಅದಕ್ಕೆ ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಹಿಡಿಯುತ್ತದೆ. ಚಿತ್ರ ಶುಭ್ರವಾಗಿದೆಯೆಂದು ನೆಮ್ಮದಿಯಿಂದ ಕೂತವರ ಮರಿ ಕಾಲು ಕಳೆದುಕೊಂಡೀತು.

ಮುಂದೆ ಬಂದ ಉಪಕರಣಗಳೆಲ್ಲ ಈ ತಡವನ್ನು ತಗ್ಗಿಸಲು ಒದಗಿದವೇ. ಅಲ್ಟ್ರಾಸೌಂಡು ಕೀಲಿನಲ್ಲಿ ತುಂಬಿದ ನೀರನ್ನು, ಕೀವನ್ನು ತೋರಿಸುತ್ತದೆ. ವಿಕಿರಣ ಸೂಸುವ ಟೆಕ್ನೀಷಿಯಂ ಚುಚ್ಚಿ ತೆಗೆಯುವ ಸ್ಕ್ಯಾನು, ಮೂಳೆ ಎಲ್ಲಿ ಚುರುಕಾಗಿದೆಯೋ ಅಲ್ಲಿ ಹೊಳೆಯುತ್ತದೆ. ಆದರೆ ಬೆಳೆಯುವ ಮರಿಯ ಮೂಳೆತುದಿಗಳೆಲ್ಲ ಚುರುಕೇ! ಸೋಂಕು ಯಾವುದು, ಬೆಳವಣಿಗೆ ಯಾವುದು ಎಂದು ಬಿಡಿಸುವುದು ಕಷ್ಟ. 1971ರಲ್ಲಿ ಲಂಡನ್ನಿನಲ್ಲಿ ಮನುಷ್ಯನ ತಲೆಗೆಂದು ಮೊದಲು ಬಳಸಿದ ಸಿ.ಟಿ. ಸ್ಕ್ಯಾನು ಮರಿಗಳಿಗೂ ಒದಗಿತು. ಹುಟ್ಟಿದಾಗ ಸುಮಾರು 50 ಕಿಲೋ ತೂಗುವ ಮರಿ ಆ ಯಂತ್ರದ ಬಾಯಲ್ಲಿ ಹಿಡಿಸುತ್ತದೆ, ದೊಡ್ಡ ಕುದುರೆಯ ಮೈ ಹಿಡಿಸದು. ಎಕ್ಸ್-ರೇಯಲ್ಲಿ ಒಂದರ ಮೇಲೊಂದು ಬಿದ್ದು ಮುಚ್ಚಿಹೋಗುವ ಸಣ್ಣ ಕುಳಿಗಳು ಇದರಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಎಂ.ಆರ್.ಐ. ಇನ್ನೂ ಒಂದು ಹೆಜ್ಜೆ ಮುಂದೆ: ಮೂಳೆ ಸವೆಯುವ ಮೊದಲೇ ಮಜ್ಜೆಯಲ್ಲಿ ನೀರೂರಿದ್ದನ್ನು ಹಿಡಿಯಬಲ್ಲದು. ಅದಕ್ಕೆ ಮರಿಗೆ ಅರಿವಳಿಕೆ ಕೊಟ್ಟು ಮಲಗಿಸಬೇಕು. ಜ್ವರದಲ್ಲಿ ಬಳಲಿದ ಮರಿ ತಡೆದುಕೊಳ್ಳುತ್ತದೆಯೇ ಎಂಬ ಚಿಂತೆ ಬೇರೆ.

ಆದ್ದರಿಂದ ಈಗಲೂ ಮೊದಲು ಓಡಾಡುವುದು ವೈದ್ಯರ ಬೆರಳು. ಊದಿದ, ಬಿಸಿಯಾದ ಕೀಲಿಗೆ ಸೂಜಿ ಹಾಕಿ ದ್ರವ ತೆಗೆದು ಪರೀಕ್ಷೆಗೆ ಕಳಿಸಿ, ಫಲಿತಾಂಶಕ್ಕೆ ಕಾಯದೆ ಔಷಧಿ ಶುರುಮಾಡುತ್ತಾರೆ. ಅದೇ ದಿನ ಎರಡೂ ಕಾಲಿನ ಎಕ್ಸ್-ರೇ ತೆಗೆದಿಟ್ಟು, ಕೆಲವು ದಿನಗಳ ಮೇಲೆ ಮತ್ತೆ ತೆಗೆದು, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ.