ಹಲವು ತಾಣ, ಒಂದೇ ಆಡಳಿತ: ರೂಟ್ ಮತ್ತು ಕಂಟ್ರೋಲರ್‌ಗಳ ವಿನ್ಯಾಸ ಕುರಿತು

ನ್ಯೂಜೆರ್ಸಿಯ ಐಸೆಲಿನ್‌ಗೆ ತನ್ನದೇ ಜಿಪ್ ಕೋಡ್ ಇದೆ, 08830. ಮೆಟ್ರೋಪಾರ್ಕ್ ರೈಲು ನಿಲ್ದಾಣವಿದೆ, ಭಾರತೀಯ ಅಂಗಡಿಗಳು ಸಾಲುಗಟ್ಟಿದ ಓಕ್ ಟ್ರೀ ರಸ್ತೆಯಿದೆ. ಇಲ್ಲದಿರುವುದು ಸ್ವಂತ ನಗರಸಭೆ. ಕಲೋನಿಯ, ಫೋರ್ಡ್ಸ್, ಆವೆನೆಲ್‌ಗಳಂತೆ ಈ ಊರೂ ವುಡ್‌ಬ್ರಿಜ್ ಟೌನ್‌ಶಿಪ್‌ನ ಆಡಳಿತಕ್ಕೆ ಒಳಪಟ್ಟಿದೆ. ವಿಳಾಸ ಬೇರೆ, ಕಚೇರಿ ಒಂದೇ. ಹಲವು ತಾಣಗಳನ್ನು ಒಂದೇ ವೆಬ್ ಅಪ್ಲಿಕೇಶನ್‌ನಿಂದ ನಡೆಸುವವರು ಕಟ್ಟಬೇಕಾದದ್ದೂ ಇಂಥದೇ ವ್ಯವಸ್ಥೆ.

ಇದಕ್ಕೆ ದಾರಿ ಮಾಡಿಕೊಟ್ಟದ್ದು ಎಚ್‌ಟಿಟಿಪಿ 1.1. 1997ರ ಜನವರಿಯಲ್ಲಿ ಪ್ರಕಟವಾದ ಈ ನಿಯಮಾವಳಿ, ಪ್ರತಿ ಕೋರಿಕೆಯಲ್ಲೂ ತಾಣದ ಹೆಸರು ಹೊತ್ತ 'ಹೋಸ್ಟ್' ಹೆಡರ್ ಇರಲೇಬೇಕೆಂದು ವಿಧಿಸಿತು. ಹೀಗಾಗಿ ಒಂದೇ ಐಪಿ ವಿಳಾಸದಲ್ಲಿ ಹಲವು ಡೊಮೇನ್‌ಗಳು ನೆಲೆಸುವುದು ಸುಲಭವಾಯಿತು. ಆ ಹೆಸರನ್ನು ಅಪ್ಲಿಕೇಶನ್‌ನ ಯಾವ ಭಾಗ ಓದಬೇಕು ಎಂಬುದರ ಮೇಲೆ ಉಳಿದ ವಿನ್ಯಾಸವೆಲ್ಲ ನಿಂತಿದೆ.

ಕನ್ನಡಿಗರು ನಿತ್ಯ ಬಳಸುವ ವಿಕಿಪೀಡಿಯವೇ ಇದಕ್ಕೆ ಒಳ್ಳೆಯ ನಿದರ್ಶನ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, 2016ರಲ್ಲಿ ಬಂದ ತುಳು ವಿಕಿಪೀಡಿಯ, ಕನ್ನಡ ವಿಕಿಸೋರ್ಸ್ ಎಲ್ಲವೂ ಮೀಡಿಯಾವಿಕಿ ಎಂಬ ಒಂದೇ ತಂತ್ರಾಂಶದ ಮೇಲೆ ನಡೆಯುತ್ತವೆ. ಕೋರಿಕೆ ಬಂದೊಡನೆ ಹೋಸ್ಟ್ ಹೆಸರಿನಿಂದ ಡೇಟಾಬೇಸ್ ಯಾವುದೆಂದು ಗೊತ್ತಾಗುತ್ತದೆ, ಅದಕ್ಕೆ ತಕ್ಕ ಸಂರಚನೆ ಲೋಡ್ ಆಗುತ್ತದೆ. ಪುಟದ ಶೀರ್ಷಿಕೆಯನ್ನು ಬಿಡಿಸಿ ನೋಡುವುದು ಆಮೇಲೆ. ಕನ್ನಡದಲ್ಲಿ 'ವರ್ಗ' ಎಂದಿರುವ ನಾಮವರ್ಗಕ್ಕೆ (ನೇಮ್‌ಸ್ಪೇಸ್) ಇತರ ಭಾಷೆಗಳಲ್ಲಿ ಬೇರೆ ಹೆಸರಿದ್ದರೂ ಒಳಗಿನ ಸಂಖ್ಯೆ ಎಲ್ಲೆಡೆ 14. ಭಾಷೆಯ ಭೇದ ಸಂರಚನೆಯಲ್ಲೇ ತೀರುತ್ತದೆ. ಪುಟ ತೋರಿಸುವ, ತಿದ್ದುವ ಕೋಡ್‌ಗೆ ತಾನು ತುಳುವಿಗೆ ದುಡಿಯುತ್ತಿದ್ದೇನೆಯೇ ಕನ್ನಡಕ್ಕೆ ದುಡಿಯುತ್ತಿದ್ದೇನೆಯೇ ಎಂದು ತಿಳಿಯಬೇಕಿಲ್ಲ.

ವಿಕಿಸೋರ್ಸ್‌ನ ಮಾತು ಬೇರೆ. ಅಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕದ ಪುಟವನ್ನೂ ಟೈಪಿಸಿದ ಪಠ್ಯವನ್ನೂ ಅಕ್ಕಪಕ್ಕ ಇಟ್ಟು ಕರಡು ತಿದ್ದಬೇಕು. ಕೆಲಸದ ಸ್ವರೂಪವೇ ಬದಲಾಗಿರುವುದರಿಂದ 'ಪ್ರೂಫ್‌ರೀಡ್ ಪೇಜ್' ಎಂಬ ಪ್ರತ್ಯೇಕ ವಿಸ್ತರಣೆ ಬಂತು. ಮೂಲ ಕೋಡ್‌ನಲ್ಲಿ 'ಇದು ವಿಕಿಸೋರ್ಸ್ ಆಗಿದ್ದರೆ' ಎಂಬ ಷರತ್ತುಗಳನ್ನು ತುರುಕಲಿಲ್ಲ. ಈ ವಿವೇಕ ಎಲ್ಲ ತಂಡಗಳಿಗೂ ಬೇಕು: ಬಣ್ಣ, ಲಾಂಛನ, ಭಾಷೆ ಬೇರೆಯಾದ ಮಾತ್ರಕ್ಕೆ ಕೋರಿಕೆಯನ್ನು ನಿರ್ವಹಿಸುವ ಹೊಸ ಕಂಟ್ರೋಲರ್ ಬರೆಯಬಾರದು, ಕೆಲಸವೇ ಬೇರೆಯಾದಾಗ ಬರೆಯಲು ಹಿಂಜರಿಯಲೂಬಾರದು.

ವೆಬ್ ಚೌಕಟ್ಟುಗಳಾದ ಲಾರವೆಲ್‌ನಲ್ಲಿ ಡೊಮೇನ್‌ವಾರು, ರೈಲ್ಸ್‌ನಲ್ಲಿ ಸಬ್‌ಡೊಮೇನ್‌ವಾರು ರೂಟ್‌ಗಳನ್ನು, ಅಂದರೆ ವಿಳಾಸವನ್ನು ಕಂಟ್ರೋಲರ್‌ಗೆ ಜೋಡಿಸುವ ನಿಯಮಗಳನ್ನು, ಗುಂಪು ಮಾಡುವ ಸೌಲಭ್ಯವಿದೆ. ಆದರೆ ತಾಣಕ್ಕೊಂದು ಗುಂಪು, ಗುಂಪಿಗೊಂದು ಕಂಟ್ರೋಲರ್ ನಕಲು ಎಂದು ಹೊರಟರೆ ಒಂದು ದೋಷವನ್ನು ಎಲ್ಲ ನಕಲುಗಳಲ್ಲೂ ತಿದ್ದಬೇಕಾಗುತ್ತದೆ. ರೈಲ್ಸ್‌ನಲ್ಲಿ ಮೊದಲು ಹೊಂದಿದ ರೂಟ್‌ಗೇ ಮನ್ನಣೆ. ತಾಣಕ್ಕೆ ಮೀಸಲಾದ ರೂಟ್‌ಗಳು ಸಾಮಾನ್ಯ ರೂಟ್‌ಗಳಿಗಿಂತ ಮೇಲಿರದಿದ್ದರೆ ಅವುಗಳ ಸರದಿ ಬಾರದೇ ಹೋಗಬಹುದು.

ಹೋಸ್ಟ್ ಹೆಡರ್ ಅನ್ನು ಯಾರು ಬೇಕಾದರೂ ತಿರುಚಿ ಕಳಿಸಬಹುದು ಎಂಬುದು ಹೆಚ್ಚು ಗಂಭೀರ ಸಂಗತಿ. ಅದನ್ನು ನಂಬಿ ಪಾಸ್‌ವರ್ಡ್ ಬದಲಿಸುವ ಕೊಂಡಿಯನ್ನು ರಚಿಸಿದರೆ, ಬಳಕೆದಾರರಿಗೆ ಹೋಗುವ ಇಮೇಲ್‌ನಲ್ಲಿ ವಂಚಕರ ಡೊಮೇನ್ ಸೇರಿಬಿಡುತ್ತದೆ. ಜಾಂಗೋ ಚೌಕಟ್ಟಿನ 'ಅಲೌಡ್ ಹೋಸ್ಟ್ಸ್' ಪಟ್ಟಿ ಇರುವುದು ಇಂಥದನ್ನು ತಡೆಯಲೆಂದೇ. ಪಟ್ಟಿಯಲ್ಲಿಲ್ಲದ ಹೆಸರು ಹೊತ್ತು ಬಂದ ಕೋರಿಕೆಗೆ ಅದು 400 ಎಂಬ ದೋಷಸಂಖ್ಯೆಯ ಉತ್ತರ ಕೊಡುತ್ತದೆ. ಕ್ಯಾಶ್‌ನ ಕೀಲಿಯಲ್ಲೂ ಹೋಸ್ಟ್ ಹೆಸರು ಸೇರಿರಬೇಕು. ಇಲ್ಲವಾದರೆ ಒಂದು ತಾಣದ ಮುಖಪುಟ ಇನ್ನೊಂದು ತಾಣದ ಓದುಗರಿಗೆ ಹೋಗುತ್ತದೆ.